ಅಕ್ಷರ ಬರೆಯುವವರು ಆಜ್ಞೆ ಬರೆಯಲು ಕಲಿತದ್ದು

ನವೆಂಬರ್ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಿಗೆ ಒಂದು ಸಣ್ಣ ಪರೀಕ್ಷೆ ಕಾದಿರುತ್ತದೆ: ರಾಜ್ಯೋತ್ಸವದ ಫಲಕವನ್ನು ಮುದ್ರಿಸಿಕೊಂಡು ಬರುವುದು. ನಾವು ಬರೆದುಕೊಟ್ಟ ಸಾಲು ಮಿಂಚಂಚೆಯಲ್ಲಿ ಸರಿಯಾಗಿಯೇ ಹೋಗಿರುತ್ತದೆ. ಅಂಗಡಿಯ ಹುಡುಗ ಅದನ್ನು ತನ್ನ ವಿನ್ಯಾಸ ತಂತ್ರಾಂಶದೊಳಗೆ ಸುರಿದ ಕೂಡಲೇ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ನಿಂತುಬಿಡುತ್ತವೆ. 'ಕನ್ನಡ' ಎಂಬ ಪದದಲ್ಲಿಯೇ 'ನ್' ಬೇರೆ, 'ನ' ಬೇರೆ. 'ರಾಜ್ಯೋತ್ಸವ'ದ ಪಾಡನ್ನಂತೂ ಹೇಳುವುದೇ ಬೇಡ. ಲಿಪಿ ತಿಳಿಯದ ಅಂಗಡಿಯವರಿಗೆ ಎಲ್ಲವೂ ಚೆಂದವಾಗಿಯೇ ಕಾಣುತ್ತದೆ. ಫಲಕ ವೇದಿಕೆಯ ಮೇಲೆ ಏರಿದ ಮೇಲೆ ನಮ್ಮ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ಕೆಲಸ ಹಿಡಿದಿದ್ದವನು ಮರಾಠಿ ಮಾತಿನ ಒಬ್ಬ ತರುಣ. ಚಿತ್ರಕಲೆ ಓದಿದವನು, ದೇವನಾಗರಿಯ ಜೋಡಕ್ಷರಗಳ ಪರಿಚಯವಿದ್ದವನು. ಫಲಕದಲ್ಲಿ ಏನೋ ಮುರಿದಿದೆ ಎಂಬುದು ಅವನಿಗೆ ತಾನಾಗಿಯೇ ತಿಳಿಯಿತು. ತಂತ್ರಾಂಶದ ಯಾವುದೋ ಮೂಲೆಯಲ್ಲಿದ್ದ ಭಾರತೀಯ ಲಿಪಿಗಳ ಆಯ್ಕೆಯನ್ನು ಹುಡುಕಿ ಒತ್ತಿದ. ಅಕ್ಷರಗಳು ಸರಸರನೆ ತಮ್ಮ ತಮ್ಮ ಸ್ಥಾನಕ್ಕೆ ಇಳಿದವು. ಆಮೇಲೆ ಅವನು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಎರಡನೆಯ 'ನ'ಕ್ಕೆ ಕೆಳಗಿಳಿ ಎಂದು ಹೇಳುವವರು ಯಾರು?

ಅಚ್ಚುಮೊಳೆಯ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹಿಡಿದು ನಮ್ಮ ಬಾಲ್ಯದ ಊರಿನ ಪುಟ್ಟ ಪ್ರೆಸ್ಸಿನವರೆಗೆ ಆ ತಿಳಿವಳಿಕೆ ಮೊಳೆ ಜೋಡಿಸುವವನ ಬೆರಳುಗಳಲ್ಲಿತ್ತು. ಯಾವ ಒತ್ತು ಯಾವ ಗೂಡಿನಲ್ಲಿದೆ, ಅದು ಎಷ್ಟು ಕೆಳಗೆ ಕೂರಬೇಕು, ಮುಂದಿನ ಸಾಲಿನ ಗುಡಿಸು ಅದಕ್ಕೆ ತಗಲುತ್ತದೆಯೇ ಎಂಬುದನ್ನೆಲ್ಲ ಅವನ ಕೈ ನೋಡಿಕೊಳ್ಳುತ್ತಿತ್ತು. ಈಗ ಆ ಕೈ ಇಲ್ಲ. ಅದರ ತಿಳಿವಳಿಕೆಯೆಲ್ಲ ಫಾಂಟಿನ ಒಳಗೆ ನಿಯಮಗಳಾಗಿ ಹೋಗಿ ಸೇರಿದೆ. ಆ ನಿಯಮಗಳನ್ನು ಯಾರಾದರೂ ಬರೆಯಲೇಬೇಕು. ಅಕ್ಷರ ತಿಳಿದವರು ಬರೆಯದಿದ್ದರೆ ಅಕ್ಷರ ತಿಳಿಯದವರು ಬರೆಯುತ್ತಾರೆ. ವಿನ್ಯಾಸಕರು ಕೋಡ್ ಬರೆಯಲು ಕಲಿಯಬೇಕೇ, ಕಲಿಯುವುದಾದರೆ ಎಲ್ಲಿಂದ ಆರಂಭಿಸಬೇಕು ಎಂಬ ಚರ್ಚೆ ಬಂದಾಗಲೆಲ್ಲ ಯಾವ ಭಾಷೆ, ಯಾವ ತರಗತಿ ಎಂಬ ಪಟ್ಟಿಯನ್ನು ಮುಂದಿಡುವುದು ರೂಢಿ. ಹಿಂದೆ ಕಲಿತವರು ಹೇಗೆ ಕಲಿತರು ಎಂಬುದನ್ನು ನೋಡಿದರೆ ಬೇರೆಯದೇ ಒಂದು ದಾರಿ ಕಾಣುತ್ತದೆಂದು ನಮಗೆ ತೋರುತ್ತದೆ.

ಕತೆ ಆರಂಭವಾಗುವುದು ಎದುರು ದಿಕ್ಕಿನಿಂದ. ವಿನ್ಯಾಸಕನೊಬ್ಬ ಗಣಿತದ ಕಡೆಗೆ ಹೋಗುವ ಮೊದಲು ಗಣಿತಜ್ಞನೊಬ್ಬ ಅಕ್ಷರದ ಕಡೆಗೆ ಬಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ಅವರಿಗೆ 1977ರಲ್ಲಿ ತಮ್ಮ ಮಹಾಗ್ರಂಥದ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು ಕೈಗೆ ಬಂತು. ಮೊದಲ ಆವೃತ್ತಿ ಬಿಸಿ ಸೀಸದ ಮೊಳೆಗಳಲ್ಲಿ ಅಚ್ಚಾಗಿತ್ತು; ಹೊಸದು ಛಾಯಾಕ್ಷರ ಜೋಡಣೆಯದು. ಹೊಸ ಪುಟಗಳು ಅವರಿಗೆ ಎಷ್ಟು ಕುರೂಪವಾಗಿ ಕಂಡವೆಂದರೆ, ಬರೆಯುತ್ತಿದ್ದ ಪುಸ್ತಕವನ್ನು ಬದಿಗಿಟ್ಟು ಪುಟ ಕಟ್ಟುವ ಒಂದು ತಂತ್ರಾಂಶವನ್ನೂ, ಅಕ್ಷರ ಬಿಡಿಸುವ ಇನ್ನೊಂದನ್ನೂ ತಾವೇ ಬರೆಯಲು ಕುಳಿತರು. ಮೊದಲನೆಯದು ಟೆಕ್, ಎರಡನೆಯದು ಮೆಟಾಫಾಂಟ್. ಕೆಲವೇ ತಿಂಗಳ ಕೆಲಸವೆಂದುಕೊಂಡದ್ದು ವರ್ಷಗಟ್ಟಲೆ ಅವರನ್ನು ಹಿಡಿದಿಟ್ಟಿತು.

ಮೆಟಾಫಾಂಟ್‌ನ ಕಲ್ಪನೆ ಬೆರಗು ಹುಟ್ಟಿಸುವಂಥದು. ಅಕ್ಷರದ ಚಿತ್ರವನ್ನು ಬರೆಯದೆ, ಅಕ್ಷರವನ್ನು ಬರೆಯುವ ಕ್ರಮವನ್ನೇ ಬರೆಯುವುದು. ಲೇಖನಿಯ ತುದಿ ಎಷ್ಟು ಅಗಲ, ಯಾವ ಓರೆಯಲ್ಲಿದೆ, ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಹೇಗೆ ಬಾಗುತ್ತ ಹೋಗುತ್ತದೆ ಎಂಬುದನ್ನೆಲ್ಲ ಸಮೀಕರಣಗಳಲ್ಲಿ ಹೇಳಿದರೆ, ಒಂದು ಸಂಖ್ಯೆ ಬದಲಿಸಿದಾಗ ಇಡೀ ಅಕ್ಷರಮಾಲೆ ದಪ್ಪಗಾಗುತ್ತದೆ, ತೆಳ್ಳಗಾಗುತ್ತದೆ, ಎತ್ತರವಾಗುತ್ತದೆ. ಕನೂತ್ ಅವರ 'ಕಂಪ್ಯೂಟರ್ ಮಾಡರ್ನ್' ಅಕ್ಷರಕುಟುಂಬದಲ್ಲಿ ಇಂಥ 62 ಸಂಖ್ಯೆಗಳಿವೆ. ಆದರೆ ರೋಮನ್ ಲಿಪಿಯ 'ಎಸ್' ಅವರನ್ನು ಸುಲಭವಾಗಿ ಬಿಡಲಿಲ್ಲ. ಎಡಕ್ಕೆ ಬಾಗಿ ಬಲಕ್ಕೆ ತಿರುಗುವ ಆ ನಡುವಿನ ಹೊರಳನ್ನು ಗಣಿತದಲ್ಲಿ ಹಿಡಿಯಲು ಮೂರು ಹಗಲು ಮೂರು ರಾತ್ರಿ ಹೆಣಗಿದ್ದನ್ನು, ಅವರ ಪತ್ನಿ ಅದನ್ನು ನೋಡಿ 'ಎಸ್' ಆಕಾರದಲ್ಲೇ ಮಾಡಬಾರದೇ ಎಂದು ಕೇಳಿದ್ದನ್ನು ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಆ ಒಂದೇ ಅಕ್ಷರದ ಮೇಲೆ 1980ರಲ್ಲಿ ಅವರು ಒಂದು ಪ್ರಬಂಧವನ್ನೂ ಪ್ರಕಟಿಸಿದರು. 'ಎಸ್' ಒಂದಕ್ಕೇ ಇಷ್ಟಾದರೆ ನಮ್ಮ 'ಋ'ವಿನ ಗತಿಯೇನು ಎಂದು ಕನ್ನಡಿಗರಾದ ನಮಗೆ ಅನ್ನಿಸದಿರದು. ಭಾರತೀಯ ಲಿಪಿಗಳ ಅಕ್ಷರ ವಿನ್ಯಾಸವನ್ನು ಈ ದಾರಿಯಲ್ಲಿ ಯೋಚಿಸಿದವರೂ ಇದ್ದರು; ಪಿಜುಷ್ ಘೋಷ್ ಅವರ ವರದಿ 1983ರಲ್ಲಿ ಸ್ಟ್ಯಾನ್‌ಫರ್ಡಿನಿಂದಲೇ ಹೊರಬಂತು.

ಇಷ್ಟಾಗಿಯೂ ವಿನ್ಯಾಸಕರು ಮೆಟಾಫಾಂಟ್‌ನ ಬಾಗಿಲಿಗೆ ಬರಲಿಲ್ಲ. ಬಂದವರೂ ಹೊಸ್ತಿಲಲ್ಲೇ ನಿಂತರು. ಜರ್ಮನಿಯ ಹೆಸರಾಂತ ಅಕ್ಷರ ವಿನ್ಯಾಸಕ ಹರ್ಮನ್ ಜಾಫ್ ಗಣಿತದ ಗ್ರಂಥಗಳಿಗಾಗಿ 'ಆಯ್ಲರ್' ಎಂಬ ಸೊಗಸಾದ ಅಕ್ಷರಗಳನ್ನು ಬರೆದುಕೊಟ್ಟಾಗ, ಅವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸ್ಟ್ಯಾನ್‌ಫರ್ಡಿನಲ್ಲಿ ಚಾರ್ಲ್ಸ್ ಬಿಗೆಲೋ ಅವರ ವಿದ್ಯಾರ್ಥಿಗಳ ಪಾಲಿಗೆ ಬಂತು. ಅವರು ಮೆಟಾಫಾಂಟ್‌ ಬಳಸಿದ್ದು ನಿಜ. ಆದರೆ ಲೇಖನಿಯ ಚಲನೆಯನ್ನು ಸಮೀಕರಣವಾಗಿಸುವ ಕನೂತ್ ಅವರ ಮಾರ್ಗವನ್ನು ಬಿಟ್ಟು, ಜಾಫ್ ಅವರ ಚಿತ್ರದ ಅಂಚಿನ ಗೆರೆಯನ್ನೇ ಬಿಂದು ಬಿಂದುವಾಗಿ ನಕಲು ಮಾಡಿದರು. ಆ ತಂಡದಲ್ಲಿದ್ದ ಕ್ಯಾರಲ್ ಟ್ವಾಂಬ್ಲಿ ಮುಂದೆ ಅಡೋಬಿ ಸಂಸ್ಥೆ ಸೇರಿ 'ಟ್ರೇಜನ್' ಎಂಬ ಅಕ್ಷರಶೈಲಿಯನ್ನು ಬಿಡಿಸಿದರು. ಅಲ್ಲಿನ ಉಪಕರಣದಲ್ಲಿ ಗೆರೆಯನ್ನು ಕಣ್ಣಿಂದ ನೋಡುತ್ತ ಎಳೆದು ಬಾಗಿಸಬಹುದಿತ್ತು.

ವಿನ್ಯಾಸಕರಿಗೆ ಗಣಿತ ಬಾರದು ಎಂಬ ತೀರ್ಮಾನವನ್ನು ಹಲವರು ಇದರಿಂದ ತೆಗೆದರು. ನಮಗೆ ಅದು ಒಪ್ಪಿಗೆಯಿಲ್ಲ. ಮೆಟಾಫಾಂಟ್ ತನ್ನ ಬಳಿ ಬಂದವನಿಂದ ಮೊದಲ ದಿನವೇ ಪೂರ್ಣಜ್ಞಾನವನ್ನು ಕೇಳುತ್ತಿತ್ತು. ಮೊದಲು ಸಮೀಕರಣ ಬರೆ, ಯಂತ್ರ ಅದನ್ನು ಜೀರ್ಣಿಸಿಕೊಳ್ಳುವವರೆಗೆ ಕಾದಿರು, ಆಮೇಲೆ ಚಿತ್ರ ನೋಡು ಎನ್ನುತ್ತಿತ್ತು. ಕುಂಚ ಹಿಡಿದವನ ಅಭ್ಯಾಸ ಹಾಗಿರುವುದಿಲ್ಲ. ಅವನು ಒಂದು ಗೆರೆ ಎಳೆಯುತ್ತಾನೆ, ನೋಡುತ್ತಾನೆ, ಮುಂದಿನ ಗೆರೆಯನ್ನು ಆ ನೋಟದಿಂದಲೇ ನಿರ್ಧರಿಸುತ್ತಾನೆ.

ಈ ಅಂತರವನ್ನು ಚೆನ್ನಾಗಿ ಅರಿತಿದ್ದವರು ಅಮೆರಿಕದ ಇನ್ನೊಂದು ದಂಡೆಯಲ್ಲಿದ್ದ ಮ್ಯೂರಿಯಲ್ ಕೂಪರ್. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ, ಅಂದರೆ ಎಂಐಟಿಯ, ಪ್ರಕಾಶನದ ವಿನ್ಯಾಸ ನಿರ್ದೇಶಕರಾಗಿದ್ದವರು. ಅದರ ಏಳು ಪಟ್ಟಿಗಳ ಲಾಂಛನ ಅವರದೇ. 1967ರಲ್ಲಿ ನಿಕೊಲಸ್ ನೆಗ್ರೊಪಾಂಟೆ ನಡೆಸಿದ ಬೇಸಿಗೆಯ ಕಂಪ್ಯೂಟರ್ ತರಗತಿಗೆ ಹೋಗಿ ಕುಳಿತ ಕೂಪರ್ ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಈ ಯಂತ್ರದಲ್ಲಿ ತಮ್ಮ ಕಸುಬಿನ ಭವಿಷ್ಯ ಅಡಗಿದೆಯೆಂಬುದು ಮನಸ್ಸಿಗೆ ನಾಟಿತು. 1970ರ ದಶಕದಲ್ಲಿ ಅವರು ರಾನ್ ಮೆಕ್‌ನೀಲ್ ಅವರೊಂದಿಗೆ 'ವಿಸಿಬಲ್ ಲ್ಯಾಂಗ್ವೇಜ್ ವರ್ಕ್‌ಶಾಪ್' ಎಂಬ ಕಮ್ಮಟವನ್ನು ಕಟ್ಟಿದರು. ಮುದ್ರಣಯಂತ್ರ, ಛಾಯಾಪ್ರತಿ ಯಂತ್ರ, ಕಂಪ್ಯೂಟರ್ ಎಲ್ಲವೂ ಅಲ್ಲಿದ್ದವು. ವಿನ್ಯಾಸಕರೂ ಪ್ರೋಗ್ರಾಮರರೂ ಒಟ್ಟಿಗೆ ಕೂರುತ್ತಿದ್ದರು. ಕೂಪರ್ ಸ್ವತಃ ಪ್ರೋಗ್ರಾಮರ್ ಆಗಲಿಲ್ಲ. ಏನು ಕೇಳಬೇಕೆಂಬುದು ಮಾತ್ರ ಅವರಿಗೆ ಸ್ಪಷ್ಟವಿತ್ತು. 1994ರಲ್ಲಿ, ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, ಪದಗಳು ಮೂರು ಆಯಾಮದ ಅವಕಾಶದಲ್ಲಿ ತೇಲುವ, ಓದುಗನೇ ಅವುಗಳ ನಡುವೆ ಹಾರಿಕೊಂಡು ಹೋಗುವ ಒಂದು ಪ್ರಾತ್ಯಕ್ಷಿಕೆಯನ್ನು ಅವರು ಕ್ಯಾಲಿಫೋರ್ನಿಯಾದ ಸಭೆಯೊಂದರಲ್ಲಿ ತೋರಿಸಿದರು. ಅದರ ಕೋಡನ್ನು ಬರೆದವರು ಅವರ ವಿದ್ಯಾರ್ಥಿಗಳು.

ಕೂಪರ್ ತೀರಿಕೊಂಡ ಎರಡು ವರ್ಷಗಳ ಮೇಲೆ ಅದೇ ಸಂಸ್ಥೆಗೆ ಜಾನ್ ಮೇಡಾ ಅಧ್ಯಾಪಕರಾಗಿ ಬಂದರು. ಎಂಜಿನಿಯರಿಂಗ್ ಓದಿದವರು, ಪಾಲ್ ರ್‍ಯಾಂಡ್ ಅವರ ಪುಸ್ತಕ ಓದಿ ಮನಸ್ಸು ತಿರುಗಿ, ಜಪಾನಿನ ತ್ಸುಕುಬಾದಲ್ಲಿ ವಿನ್ಯಾಸ ಕಲಿತು ಬಂದವರು. 1999ರಲ್ಲಿ ಅವರು 'ಡಿಸೈನ್ ಬೈ ನಂಬರ್ಸ್' ಎಂಬ ಪುಸ್ತಕವನ್ನೂ ಅದೇ ಹೆಸರಿನ ಪುಟ್ಟ ಭಾಷೆಯೊಂದನ್ನೂ ಹೊರತಂದರು. ಆ ಭಾಷೆಯ ಬಡತನವೇ ಅದರ ಗುಣ. ಅಲ್ಲಿ ಇರುವುದೊಂದು ಕಾಗದ, ಉದ್ದಗಲ 100 ಚುಕ್ಕಿ ಮಾತ್ರ. 'ಪೇಪರ್ 0' ಎಂದರೆ ಬಿಳಿಯ ಹಾಳೆ. 'ಪೆನ್ 100' ಎಂದರೆ ಕಪ್ಪು ಶಾಯಿ. 'ಲೈನ್' ಎಂದು ಬರೆದು ನಾಲ್ಕು ಸಂಖ್ಯೆ ಕೊಟ್ಟರೆ ಒಂದು ಗೆರೆ. ಬಣ್ಣವಿಲ್ಲ, ಬಿಳಿಯಿಂದ ಕಪ್ಪಿನವರೆಗಿನ ಛಾಯೆಗಳಷ್ಟೆ. ಮೊದಲ ಐದು ನಿಮಿಷದಲ್ಲಿ ಗೆರೆ ಮೂಡುತ್ತದೆ, ಸಂಖ್ಯೆ ಬದಲಿಸಿದರೆ ಗೆರೆ ವಾಲುತ್ತದೆ. ಅದೇ ಆಜ್ಞೆಯನ್ನು ನೂರು ಸಲ ಮಾಡು ಎಂದರೆ, ಪ್ರತಿ ಸಲವೂ ಒಂದು ಸಂಖ್ಯೆ ಹೆಚ್ಚಿಸು ಎಂದರೆ, ಇಡೀ ಹಾಳೆ ಬಲೆಯಾಗುತ್ತದೆ. ಹೊಸಬನ ಕೈಗೆ ಆ ಕ್ಷಣದಲ್ಲಿ ಸಿಗುವುದು ಕುಂಚಕ್ಕೆ ಸಾಧ್ಯವಿಲ್ಲದ ಒಂದು ಶಕ್ತಿ.

ಮೇಡಾ ಅವರ ವಿದ್ಯಾರ್ಥಿಗಳಾದ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಇದನ್ನೇ ವಿಸ್ತರಿಸಿ 'ಪ್ರೊಸೆಸಿಂಗ್' ಎಂಬುದನ್ನು ಕಟ್ಟತೊಡಗಿದರು. ನೂರು ಚುಕ್ಕಿಯ ಗೋಡೆಯನ್ನು ಒಡೆದರು, ಬಣ್ಣ ಕೊಟ್ಟರು, ಹಿಂದೆ ಜಾವಾ ಎಂಬ ಗಟ್ಟಿ ಭಾಷೆಯನ್ನು ಅಡಗಿಸಿಟ್ಟರು, ಎಲ್ಲವನ್ನೂ ಉಚಿತವಾಗಿ ಹಂಚಿದರು. ನಮಗೆ ಅತ್ಯಂತ ಇಷ್ಟವಾದದ್ದು ಅವರ ಪದದ ಆಯ್ಕೆ. ಅಲ್ಲಿ ಬರೆದುದನ್ನು ಪ್ರೋಗ್ರಾಂ ಎನ್ನುವುದಿಲ್ಲ, 'ಸ್ಕೆಚ್' ಎನ್ನುತ್ತಾರೆ. ಅವನ್ನಿಡುವ ಕಡತಕ್ಕೆ 'ಸ್ಕೆಚ್‌ಬುಕ್' ಎಂದು ಹೆಸರು. ತಪ್ಪಾದರೆ ಹಾಳೆ ತಿರುವಿದರಾಯಿತು ಎಂಬ ಧೈರ್ಯ ಚಿತ್ರಕಾರನಿಗೆ ಆ ಒಂದು ಪದದಿಂದ ಸಿಗುತ್ತದೆ. ಕೋಡ್ ಎಂದರೆ ಒಂದಕ್ಷರ ತಪ್ಪಿದರೂ ಎಲ್ಲ ಕುಸಿಯುತ್ತದೆ ಎಂದು ಹೆದರಿ ದೂರ ಉಳಿದವರನ್ನು ನಾವೂ ಕಂಡಿದ್ದೇವೆ. ಮುಂದೆ 2013ರಲ್ಲಿ ಲಾರೆನ್ ಮೆಕಾರ್ಥಿ ಇದರ ಜಾಲತಾಣ ರೂಪವಾದ 'ಪಿ5.ಜೆಎಸ್' ಅನ್ನು ಆರಂಭಿಸಿದರು. ಅದಕ್ಕೆ ಬ್ರೌಸರ್ ಇದ್ದರೆ ಸಾಕು.

ಇವರೆಲ್ಲ ವಿನ್ಯಾಸವನ್ನು ಕಲಿಸುವ ಮೇಷ್ಟರುಗಳು. ಅಕ್ಷರ ಬರೆಯುವ ಕಸುಬಿನವರೇ ತಾವಾಗಿ ಕೋಡಿಗೆ ಇಳಿದದ್ದು ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ. ಅಲ್ಲಿಯ ರಾಯಲ್ ಅಕಾಡೆಮಿಯಲ್ಲಿ ಗೆರಿಟ್ ನೋರ್ಡ್‌ಸೈ ಎಂಬ ಗುರು ಅಕ್ಷರವನ್ನು ಲೇಖನಿಯ ಗೆರೆಯಾಗಿ ನೋಡುವುದನ್ನು ತಲೆಮಾರುಗಳಿಗೆ ಕಲಿಸಿದರು. ಅವರ ಶಿಷ್ಯರಾದ ಜಸ್ಟ್ ವಾನ್ ರೊಸುಮ್ ಮತ್ತು ಎರಿಕ್ ವಾನ್ ಬ್ಲಾಕ್‌ಲಾಂಡ್ ಎಂಬ ಇಬ್ಬರು ತರುಣರು 1980ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಒಂದು ಕಿಡಿಗೇಡಿತನಕ್ಕೆ ಕೈಹಾಕಿದರು. ಡಿಜಿಟಲ್ ಅಕ್ಷರವೆಂದರೆ ಮುದ್ರಕಕ್ಕೆ ಹೋಗುವ ಆಜ್ಞೆಗಳ ಸರಣಿ: ಇಲ್ಲಿಂದ ಅಲ್ಲಿಗೆ ನೇರ ಗೆರೆ ಎಳೆ, ಅಲ್ಲಿಂದ ಇಲ್ಲಿಗೆ ಬಾಗಿಸು ಎಂಬಂಥವು. ಆ ಆಜ್ಞೆಗಳ ಜಾಗದಲ್ಲಿ ಇವರು ತಮ್ಮದೇ ಒಂದನ್ನು ಸೇರಿಸಿದರು. ಹೇಳಿದ ಬಿಂದುವಿಗೆ ನೇರವಾಗಿ ಹೋಗದೆ ಅದರ ಆಸುಪಾಸಿನಲ್ಲಿ ಎಲ್ಲಾದರೂ ಹೋಗು ಎಂಬುದು ಅದರ ತಾತ್ಪರ್ಯ. 'ಫ್ರೀಕ್‌ಟು' ಎಂದು ಅದನ್ನು ಕರೆದರು. ಹೀಗೆ ಹುಟ್ಟಿದ 'ಬೇವುಲ್ಫ್' ಫಾಂಟಿನಲ್ಲಿ ಪುಟದ ಒಂದು 'ಎ' ಇನ್ನೊಂದರಂತಿರುವುದಿಲ್ಲ. ಪ್ರತಿ ಅಕ್ಷರದ ಅಂಚೂ ಮುದ್ರಿಸಿದಾಗಲೆಲ್ಲ ಬೇರೆಯಾಗಿ ಮುರಿಯುತ್ತದೆ. 2011ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಸಂಗ್ರಹಕ್ಕೆ ಆಯ್ದುಕೊಂಡ 23 ಡಿಜಿಟಲ್ ಅಕ್ಷರಶೈಲಿಗಳಲ್ಲಿ ಇದೂ ಒಂದು.

ಹುಡುಗಾಟವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಆ ಹುಡುಗಾಟದಲ್ಲಿ ಅವರು ಫಾಂಟಿನ ಒಳಹೊಕ್ಕು ನೋಡಿದ್ದರು. ಒಳಹೊಕ್ಕವರಿಗೆ ಇನ್ನೊಂದು ಸತ್ಯವೂ ಕಂಡಿತು: ಅಕ್ಷರ ವಿನ್ಯಾಸಕನ ದಿನದ ಬಹುಭಾಗ ಕಲೆಯಲ್ಲಿ ಕಳೆಯುವುದಿಲ್ಲ, ಒಂದೇ ಸಣ್ಣ ತಿದ್ದುಪಡಿಯನ್ನು ನೂರಾರು ಅಕ್ಷರಗಳಿಗೆ ಮತ್ತೆ ಮತ್ತೆ ಮಾಡುವುದರಲ್ಲಿ ಕಳೆಯುತ್ತದೆ. ಜಸ್ಟ್ ಅವರ ಅಣ್ಣ ಗೀಡೊ ವಾನ್ ರೊಸುಮ್ ಆ ಹೊತ್ತಿಗೆ ಪೈಥಾನ್ ಎಂಬ ಭಾಷೆಯನ್ನು ರೂಪಿಸಿದ್ದರು. 1991ರಲ್ಲಿ ಅದು ಹೊರಬಂದಿತ್ತು. ಎರಿಕ್ ಅವರ ಅಣ್ಣ ಪೀಟರ್ ವಾನ್ ಬ್ಲಾಕ್‌ಲಾಂಡ್ 1990ರ ದಶಕದಲ್ಲಿ ಆಗಿನ ಪ್ರಸಿದ್ಧ ಫಾಂಟ್ ತಂತ್ರಾಂಶವೊಂದರೊಳಗೆ ಪೈಥಾನನ್ನು ಕೂರಿಸಿ 'ರೋಬೊಫಾಗ್' ಎಂಬುದನ್ನು ತಯಾರಿಸಿದರು. ಇಬ್ಬಿಬ್ಬರು ಅಣ್ಣತಮ್ಮಂದಿರ ಈ ಕೂಟದಿಂದ ಒಂದು ಇಡೀ ಪರಂಪರೆಯೇ ಬೆಳೆಯಿತು. ಜಸ್ಟ್ ಮುಂದೆ ತಮ್ಮ ಅಕಾಡೆಮಿಯ ವಿದ್ಯಾರ್ಥಿಗಳಿಗಾಗಿ 'ಡ್ರಾಬಾಟ್' ಎಂಬ ಪಾಠದ ಉಪಕರಣ ಮಾಡಿದರು. ಒಂದು ಕಡೆ ಪೈಥಾನ್ ಸಾಲು ಬರೆದರೆ ಇನ್ನೊಂದು ಕಡೆ ಚಿತ್ರ ಮೂಡುತ್ತದೆ.

ಜಸ್ಟ್ ಅವರದೇ ಇನ್ನೊಂದು ಕೆಲಸದ ಹೆಸರು 'ಫಾಂಟ್‌ಟೂಲ್ಸ್'. ಫಾಂಟ್ ಎಂಬ ಮುಚ್ಚಿದ ಡಬ್ಬಿಯನ್ನು ಬಿಚ್ಚಿ, ಒಳಗಿರುವುದನ್ನು ಮನುಷ್ಯರು ಓದಬಹುದಾದ ಪಠ್ಯವಾಗಿ ಹರಡಿ, ತಿದ್ದಿದ ಮೇಲೆ ಮತ್ತೆ ಕಟ್ಟಿಕೊಡುವ ಸಾಧನ. ಸ್ವಂತ ಅಗತ್ಯಕ್ಕೆಂದು ಅಕ್ಷರ ವಿನ್ಯಾಸಕನೊಬ್ಬ 1999ರ ಸುಮಾರಿಗೆ ಆರಂಭಿಸಿದ್ದು ಇಂದು ಜಗತ್ತಿನ ಫಾಂಟ್ ತಯಾರಿಕೆಯ ತಳಪಾಯಗಳಲ್ಲೊಂದಾಗಿದೆ. ಗೂಗಲಿನ ನೋಟೊ ಸರಣಿಯ ಕನ್ನಡ ಫಾಂಟನ್ನೂ ಕಟ್ಟುವುದು ಇದರ ಮೇಲೆಯೇ. ಈ ಬರಹವನ್ನು ನೀವು ಫೋನಿನಲ್ಲಿ ಓದುತ್ತಿದ್ದರೆ, ನೋರ್ಡ್‌ಸೈ ಅವರ ಕೈಬರಹದ ತರಗತಿಗೂ ನಿಮಗೂ ಒಂದು ತೆಳುವಾದ ನಂಟು ಇರುವ ಸಂಭವವಿದೆ.

ಹೊರನಾಡಿನ ಕನ್ನಡಿಗರಿಗೆ ಹೇಗ್ ನಗರಕ್ಕಿಂತ ಸಮೀಪದ ಅಧ್ಯಾಯವೊಂದಿದೆ. ಅದು ನಡೆದದ್ದು ಬಹುಮಟ್ಟಿಗೆ ಮುಂಬೈಯಲ್ಲಿ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಅಲ್ಲಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಸಿಂಧೂ ಲಿಪಿಯ ಗಣಕ ಅಧ್ಯಯನದಲ್ಲಿ ತೊಡಗಿದ್ದವರು, ಮುಂದೆ ಛಾಯಾಕ್ಷರ ಜೋಡಣೆಯ ಲೋಕಕ್ಕೆ ಬಂದು ಮೊನೊಟೈಪ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅಕ್ಷರ ಮತ್ತು ಯಂತ್ರ ಎರಡನ್ನೂ ಬಲ್ಲವರಿಗೆ ಮಾತ್ರ ಹೊಳೆಯುವ ಒಂದು ಸರಳತೆ ಅವರ ಕೀಲಿಮಣೆಯ ವಿನ್ಯಾಸದಲ್ಲಿದೆ. ಕನ್ನಡದ ಸಾವಿರಾರು ಗುಣಿತ, ಒತ್ತಕ್ಷರಗಳನ್ನು ಹಳೆಯ ಬೆರಳಚ್ಚು ಯಂತ್ರದಂತೆ ಚೂರು ಚೂರಾಗಿ ಹಂಚದೆ, ನಾಲಗೆ ಉಚ್ಚರಿಸುವ ಕ್ರಮದಲ್ಲೇ ಒತ್ತಿದರೆ ಸಾಕು. ಮೊದಲು ವ್ಯಂಜನ, ಆಮೇಲೆ ಸ್ವರ. ಎರಡು ವ್ಯಂಜನ ಸೇರಬೇಕಾದರೆ ನಡುವೆ 'ಎಫ್' ಕೀಲಿ. ನುಡಿ ತಂತ್ರಾಂಶ ಬಳಸಿದ ಪ್ರತಿಯೊಬ್ಬರ ಎಡಗೈ ತೋರುಬೆರಳಿಗೂ ಆ ಕೀಲಿಯ ಗುರುತಿದೆ. ಆಕಾರ ಹುಡುಕುವ ಹೊರೆಯನ್ನು ಬೆರಳಿನಿಂದ ಇಳಿಸಿ ಕೋಡಿನ ಮೇಲೆ ಹೊರಿಸಿದ್ದೇ ಇದರ ಮರ್ಮ. ವ್ಯಾಕರಣಪಂಡಿತರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಹೆಸರಿಟ್ಟು ರಾಯರು ಅದನ್ನು ಉಚಿತವಾಗಿ ಕೊಟ್ಟರು. ಅವರ ಕೀಲಿಮಣೆಯ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಪ್ರಮಾಣವಾಗಿ ಸ್ವೀಕರಿಸಿತು.

ಅದೇ ಮುಂಬೈಯ ಇನ್ನೊಂದು ಹೆಸರು ಆರ್. ಕೆ. ಜೋಶಿ. ಜಾಹೀರಾತು ಸಂಸ್ಥೆಯ ಕಲಾ ನಿರ್ದೇಶಕ, ಮರಾಠಿ ಕವಿ, ಸುಲೇಖನದ ಆಚಾರ್ಯ. ಪೊವಾಯಿಯ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಕಲಿಸಿದವರು. ಅನಂತರ ರಾಷ್ಟ್ರೀಯ ತಂತ್ರಾಂಶ ಕೇಂದ್ರದಲ್ಲಿ ಅವರು ಎಂಜಿನಿಯರುಗಳ ಜೊತೆ ಕುಳಿತರು. ಭಾರತೀಯ ಲಿಪಿಗಳ ಪಠ್ಯ ಪರದೆಯ ಮೇಲೆ ಆಕಾರ ಪಡೆಯುವ ಬಗೆಯನ್ನು ಕುರಿತು 1999ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಎಸ್. ಪಿ. ಮುಡೂರ್ ಮೊದಲಾದ ಗಣಕತಜ್ಞರ ಹೆಸರಿನೊಂದಿಗೆ ಜೋಶಿಯವರ ಹೆಸರೂ ಇದೆ. ಕುಂಚದ ಮನುಷ್ಯನೊಬ್ಬನ ಹೆಸರು ಅಂಥ ಪ್ರಬಂಧದಲ್ಲಿ ಕಾಣುವುದು ಸಾಮಾನ್ಯವಲ್ಲ. ಮುಂದೆ ವಿಂಡೋಸ್‌ನೊಂದಿಗೆ ಬಂದ 'ಮಂಗಲ್' ದೇವನಾಗರಿ ಫಾಂಟೂ ನಮ್ಮ 'ತುಂಗಾ' ಕನ್ನಡ ಫಾಂಟೂ ಅವರ ನೇತೃತ್ವದಲ್ಲಿ ರೂಪುಗೊಂಡವು. ಕೂಪರ್ ಅವರಂತೆ ಜೋಶಿಯವರನ್ನೂ ಯಾರೂ ಪ್ರೋಗ್ರಾಮರ್ ಎಂದು ನೆನೆಯುವುದಿಲ್ಲ.

ಅವರು ಆ ಮೇಜಿನಲ್ಲಿ ಇರಬೇಕಾದದ್ದು ಏಕೆ ಎಂಬುದಕ್ಕೆ ಅರ್ಕಾವೊತ್ತಿನ ಉದಾಹರಣೆ ಸಾಕು. 'ಅರ್ಕ' ಎಂದು ಉಚ್ಚರಿಸುವಾಗ ಮೊದಲು ಬರುವುದು ರಕಾರ, ಆಮೇಲೆ ಕಕಾರ. ಯುನಿಕೋಡ್ ಕಡತದಲ್ಲಿಯೂ ಅದೇ ಕ್ರಮ. ಬರೆಯುವಾಗ ಮಾತ್ರ ಮೊದಲು 'ಕ' ಬರೆದು ಅದರ ಬಲಕ್ಕೆ ರಕಾರದ ಗುರುತನ್ನು ಹಾಕುತ್ತೇವೆ. ಅಂದರೆ ರಕಾರ ಮೊದಲಿದ್ದು, ಅದಕ್ಕೆ ವಿರಾಮ ಹತ್ತಿ, ಮುಂದೆ ವ್ಯಂಜನ ಬಂದರೆ, ರಕಾರವನ್ನು ಎತ್ತಿ ಆ ವ್ಯಂಜನದ ಆಚೆಗೆ ಇಡು, ಇಡುವಾಗ ಅದರ ರೂಪವನ್ನೂ ಬದಲಿಸು ಎಂಬ ಷರತ್ತಿನ ವಾಕ್ಯವೊಂದು ಎಲ್ಲೋ ಬರೆದಿರಬೇಕು. ಅದು ಕೋಡ್. ಕನ್ನಡದ ಶಾಲೆಯಲ್ಲಿ ಎರಡನೆಯ ತರಗತಿ ಕಲಿತವರಿಗೆಲ್ಲ ಈ ನಿಯಮ ಕರತಲಾಮಲಕ. ಕನ್ನಡ ಬಾರದ ಎಂಥ ಮೇಧಾವಿ ಎಂಜಿನಿಯರಿಗೂ ಯಾರಾದರೂ ಹೇಳಿಕೊಡಬೇಕು. ಹೇಳಿಕೊಡುವವನಿಗೆ ಷರತ್ತಿನ ವಾಕ್ಯದ ಭಾಷೆ ಸ್ವಲ್ಪವಾದರೂ ತಿಳಿದಿದ್ದರೆ ಕೆಲಸ ಕೆಡುವುದಿಲ್ಲ. ಇಂದು ನಮ್ಮ ಲಿಪಿಗಾಗಿ ದುಡಿಯುತ್ತಿರುವ ಹೊಸ ತಲೆಮಾರಿನ ವಿನ್ಯಾಸಕರು ಈ ನಿಯಮಗಳನ್ನು ತಾವೇ ಬರೆಯುತ್ತಾರೆ. ಮುಂಬೈಯ ಏಕ್ ಟೈಪ್ ಬಳಗ 2022ರಲ್ಲಿ ಹೊರತಂದ 'ಅನೇಕ್' ಕುಟುಂಬದಲ್ಲಿ ಕನ್ನಡವೂ ಸೇರಿ ಹತ್ತು ಲಿಪಿಗಳಿವೆ. ಒಂದೇ ಕಡತದೊಳಗೆ ಅಕ್ಷರ ಸಪೂರದಿಂದ ದಪ್ಪಕ್ಕೂ ಕಿರಿದರಿಂದ ಅಗಲಕ್ಕೂ ಹಿಗ್ಗುತ್ತದೆ. ಕನೂತ್ ಕಂಡ ಕನಸು ಅದೇ ಅಲ್ಲವೇ ಎಂದು ಕೇಳಿದರೆ ಬಹುಮಟ್ಟಿಗೆ ಹೌದು. ಸಮೀಕರಣದ ಬದಲು ಕಣ್ಣಿಗೆ ಕಾಣುವ ಗೆರೆಯ ಮೂಲಕ ಅದು ಕೈಗೂಡಿತು, ಅಷ್ಟೆ.

ನಮ್ಮ ಫಲಕದ ತರುಣನಿಗೆ ಇಷ್ಟನ್ನೂ ಒಂದೇ ದಿನ ಹೇಳಲಿಲ್ಲ. ಅವನು ಕೋಡ್ ಕಲಿಯಬೇಕೆಂದು ಹಿಂದೆ ಎರಡು ಬಾರಿ ತರಗತಿ ಸೇರಿ ಬಿಟ್ಟಿದ್ದನಂತೆ. ಎರಡರಲ್ಲೂ ಮೊದಲ ವಾರವೆಲ್ಲ ಬಡ್ಡಿಯ ಲೆಕ್ಕ, ಅಂಕಪಟ್ಟಿಯ ಸರಾಸರಿ. ಚಿತ್ರಕಾರನನ್ನು ಓಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಾವು ಅವನಿಗೆ ತೋರಿಸಿದ್ದು ನಮ್ಮ ಮನೆಯ ಹಳೆಯದೊಂದು ರಂಗೋಲಿ ಪುಸ್ತಕ. ಪ್ರತಿ ಚಿತ್ರದ ಕೆಳಗೆ ಒಂದು ಸಾಲು: ಚುಕ್ಕಿ ಎಷ್ಟು, ಸಾಲು ಎಷ್ಟು, ಎಷ್ಟರಿಂದ ಎಷ್ಟಕ್ಕೆ ಇಳಿಯಬೇಕು, ನೇರ ಚುಕ್ಕಿಯೋ ಎಡೆ ಚುಕ್ಕಿಯೋ. ಆ ಒಂದು ಸಾಲು ಓದಿದ ಹೆಂಗಸರು ಯಾವ ಊರಿನಲ್ಲಿದ್ದರೂ ಅದೇ ಹೆಣಿಗೆಯನ್ನು ಅಂಗಳದಲ್ಲಿ ಮೂಡಿಸುತ್ತಾರೆ. ಇದು ನಮ್ಮ ಭಾವುಕತೆಯ ಹೋಲಿಕೆಯೇನಲ್ಲ. ಚೆನ್ನೈ ಬಳಿಯ ತಾಂಬರಂನಲ್ಲಿರುವ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ಅವರ ಪತ್ನಿ ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿಯೇ ತಮಿಳರ ಕೋಲಂ ಚಿತ್ರಗಳನ್ನು ಗಣಕದ ವ್ಯಾಕರಣವಾಗಿ ನಿರೂಪಿಸಿ ಪ್ರಬಂಧ ಬರೆದಿದ್ದರು.

ಬ್ರೌಸರಿನಲ್ಲಿ ಪಿ5 ತೆರೆದು ಅವನು ಮೊದಲು ಮಾಡಿದ್ದು ಒಂದು ಚುಕ್ಕಿ. ಅನಂತರ ಏಳು ಚುಕ್ಕಿಗೆ ಏಳು ಸಾಲು ಬರೆದ. ಏಳೇಳು ನಲವತ್ತೊಂಬತ್ತಕ್ಕೆ ನಲವತ್ತೊಂಬತ್ತು ಸಾಲು ಬರೆಯಲು ಬೇಸರವಾಗಿ ಲೂಪ್ ಎಂದರೇನು ಎಂದು ಕೇಳಿದ. ಬೇಸರವಾಗುವ ಮೊದಲು ಅದನ್ನು ಹೇಳಿಕೊಟ್ಟಿದ್ದರೆ ಅವನಿಗೆ ಅದು ಮೂರನೆಯ ಬಾರಿಯೂ ಬಡ್ಡಿಯ ಲೆಕ್ಕವೇ ಆಗುತ್ತಿತ್ತು. ಕೆಲವು ವಾರ ಅವನ ಗೆರೆಗಳು ಎಲ್ಲೆಲ್ಲೋ ಓಡಿದವು. ಒಮ್ಮೆ ತಪ್ಪು ಸಂಖ್ಯೆಯೊಂದರಿಂದ ಮೂಡಿದ ಚಿತ್ರ ಉದ್ದೇಶಿಸಿದ್ದಕ್ಕಿಂತ ಚೆನ್ನಾಗಿತ್ತು, ಅದನ್ನೇ ಉಳಿಸಿಕೊಂಡ.

ಆಮೇಲೆ ಕನ್ನಡದ ಕಡೆಗೆ ಬಂದ. ಕಕಾರದಿಂದ ಳಕಾರದವರೆಗೆ ವ್ಯಂಜನಗಳು 34. ಪ್ರತಿಯೊಂದಕ್ಕೂ ಪ್ರತಿಯೊಂದರ ಒತ್ತು ಕೊಟ್ಟರೆ 1,156. ಅವುಗಳಿಗೆ 13 ಸ್ವರಗಳ ಗುಣಿತ ಹಚ್ಚಿದರೆ 15,028. ಇವುಗಳಲ್ಲಿ ಬಹುಪಾಲು ಯಾವ ಪದದಲ್ಲೂ ಬಾರವು, ನಿಜ. ಆದರೆ ಹೊಸ ಫಾಂಟೊಂದು ಎಲ್ಲಿ ಎಡವುತ್ತದೆಂದು ತಿಳಿಯಲು ಎಲ್ಲವನ್ನೂ ನೋಡುವುದೇ ಕ್ಷೇಮ. ಕೈಯಲ್ಲಿ ಟೈಪು ಮಾಡಿ ಮುಗಿಯುವ ಕೆಲಸ ಇದಲ್ಲ. ಒಂದರೊಳಗೊಂದು ಮೂರು ಲೂಪು ಇಟ್ಟು ಹತ್ತು ಸಾಲಿನೊಳಗೆ ಅವನು ಅದನ್ನು ಬರೆದ. ಹಾಳೆಗಳ ಮೇಲೆ ಅಕ್ಷರಗಳು ಸಾಲುಗಟ್ಟಿ ಬಂದವು. ಈಗ ಪ್ರತಿ ವರ್ಷ ಫಲಕಕ್ಕೆ ಫಾಂಟ್ ಆರಿಸುವ ಮೊದಲು ಅವನು ಆ ಹಾಳೆಗಳನ್ನು ಮುದ್ರಿಸಿಕೊಂಡು ನಮ್ಮಲ್ಲಿಗೆ ತರುತ್ತಾನೆ, ನಾವು ಕೆಂಪು ಪೆನ್ಸಿಲ್ ಹಿಡಿದು ಒತ್ತು ಕೆಳಸಾಲಿಗೆ ತಗಲಿದಲ್ಲಿ, ದೀರ್ಘ ಕಳಚಿದಲ್ಲಿ, ಅರ್ಕಾವೊತ್ತು ತಪ್ಪು ಜಾಗದಲ್ಲಿ ಕುಳಿತಲ್ಲಿ ಗುರುತು ಹಾಕಿಕೊಡುತ್ತೇವೆ. ಹೋದ ಸಲದ ಫಾಂಟಿನಲ್ಲಿ 'ರ್‍ಯ' ಒಂದನ್ನು ಬಿಟ್ಟು ಉಳಿದವೆಲ್ಲ ಸರಿಯಿದ್ದವು.